ಆಗುಂಬೆ ಘಾಟಿ ಇಳಿಯುವ ಮುನ್ನ ಐದು ನಿಮಿಷ

ತೀರ್ಥಹಳ್ಳಿಯ ಕಡೆಯಿಂದ ಉಡುಪಿಗೆ ಹೋಗುವವರಿಗೆ ಆಗುಂಬೆ ಘಾಟಿ ಹೊಸದಲ್ಲ. ಸುಮಾರು 650 ಮೀಟರ್ ಎತ್ತರದಲ್ಲಿರುವ ಆಗುಂಬೆಯಿಂದ ರಸ್ತೆ 14 ಕಡಿದಾದ ತಿರುವುಗಳಲ್ಲಿ ಹಾವಿನಂತೆ ಹೊರಳುತ್ತಾ ಕೆಳಗಿನ ಸೋಮೇಶ್ವರಕ್ಕೆ ಇಳಿಯುತ್ತದೆ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಊರಿಗೆ ‘ದಕ್ಷಿಣದ ಚಿರಾಪುಂಜಿ’ ಎಂಬ ಹೆಸರಿದೆ. ಸೂರ್ಯಾಸ್ತ ನೋಡಲು ಬರುವವರೂ, ಶಂಕರನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆಯನ್ನು ಹುಡುಕಿಕೊಂಡು ಬರುವವರೂ ಬಹಳ. ನಾನು ಹೇಳಹೊರಟಿರುವುದು ಮಾತ್ರ ಆ ಘಾಟಿ ಇಳಿಯುವ ಮೊದಲು ನಮ್ಮ ಮನೆಯಂಗಳದಲ್ಲಿ ಕಳೆದ ಐದು ನಿಮಿಷಗಳ ಸಂಗತಿ.

ಕಳೆದ ದಸರಾ ರಜೆ ಮುಗಿದ ಮರುದಿನ. ಉಡುಪಿಯಲ್ಲಿ ಪದವಿ ಓದುತ್ತಿರುವ ಮಗಳು ಬೈಕನ್ನು ಅಲ್ಲಿಗೇ ಒಯ್ಯುವುದೆಂದು ತೀರ್ಮಾನವಾಗಿತ್ತು. ಅವಳಿಗೆ ಹತ್ತೊಂಬತ್ತು, ಲೈಸೆನ್ಸ್ ಸಿಕ್ಕಿ ವರ್ಷವಾಗಿದೆ. ನಾನು ಜೊತೆಗೆ ಹೋಗಿ, ಬೈಕು ಬಿಟ್ಟು ಬಸ್ಸಿನಲ್ಲಿ ಮರಳುವುದು. ಬೆಳಿಗ್ಗೆ ಆರಕ್ಕೇ ಅವಳು ಹೆಲ್ಮೆಟ್ ಹಾಕಿ ನಿಂತಿದ್ದಳು. ಅಡುಗೆಮನೆಯ ಬಾಗಿಲಿನಿಂದ ಅವಳ ಅಮ್ಮ ಕೇಳಿದಳು: “ಹಿಂದಿನ ಚಕ್ರ ನೋಡಿದಿರಾ?”

ಈ ಪ್ರಶ್ನೆ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಇದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಬಂದ್ ಇರುವುದನ್ನೂ ಗೇರು ನ್ಯೂಟ್ರಲ್‌ನಲ್ಲಿರುವುದನ್ನೂ ಖಚಿತಪಡಿಸಿಕೊಂಡು, ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಟೈರಿನ ಗೀರುಗಳಲ್ಲಿ ನಾಲ್ಕಾರು ಜಲ್ಲಿ ಚೂರು ಸಿಕ್ಕಿಕೊಂಡಿದ್ದವು. ಅವನ್ನು ಕಡ್ಡಿಯಿಂದ ಕಿತ್ತೆ. ಇನ್ನು ಕಾಲು ಸುತ್ತು ತಿರುಗಿಸುವಾಗ ಏನೋ ಮಿಂಚಿತು. ಸವೆದು ನುಣುಪಾದ ಒಂದು ಸ್ಕ್ರೂ ತಲೆ!

“ಕಿತ್ತುಬಿಡು ಅಪ್ಪಯ್ಯ, ಹೊತ್ತಾಯ್ತು” ಎಂದಳು ಮಗಳು.

“ಕೀಳಬಾರದು ಪುಟ್ಟಿ. ಸದ್ಯಕ್ಕೆ ಈ ಸ್ಕ್ರೂವೇ ಬಿರಡೆ” ಎಂದೆ. ಸೋಪಿನ ನೀರು ತರಿಸಿ ಅದರ ಮೇಲೆ ಹನಿಸಿದೆ. ಸಣ್ಣ ಸಣ್ಣ ಗುಳ್ಳೆಗಳು ಒಂದೊಂದಾಗಿ ಎದ್ದವು. ಗಾಳಿ ಸೋರುತ್ತಿತ್ತು, ಆದರೆ ಎಷ್ಟು ನಿಧಾನವೆಂದರೆ ನೋಡುವವರಿಗೆ ಟೈರು ಸರಿಯಾಗಿಯೇ ಕಾಣುತ್ತಿತ್ತು.

ಬೈಕನ್ನು ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದೆವು. ಅಂಗಡಿಯಾತ ನೋಡಿದವನೇ, “ಕೀಳದೆ ತಂದದ್ದು ಒಳ್ಳೇದಾಯ್ತು ಮೇಷ್ಟ್ರೇ” ಎಂದು ಸ್ಕ್ರೂ ತೆಗೆದು, ತೂತಿನೊಳಗೆ ಅಂಟು ಸವರಿದ ರಬ್ಬರಿನ ಎಳೆಯನ್ನು ತೂರಿಸಿ ಮುಚ್ಚಿದ. ನಮ್ಮದು ಟ್ಯೂಬ್‌ಲೆಸ್ ಟೈರು. ಹಾಗಾಗಿ ಚಕ್ರ ಬಿಚ್ಚುವ ಕೆಲಸವಿರಲಿಲ್ಲ. ಟ್ಯೂಬು ಇರುವ ಟೈರಾದರೆ ಟ್ಯೂಬನ್ನು ಹೊರಗೆಳೆದು ತೇಪೆ ಹಾಕಬೇಕು. ಅದರಲ್ಲಿ ಮೊಳೆ ಹೊಕ್ಕರೆ ಗಾಳಿ ಬಹುಬೇಗ ಖಾಲಿಯಾಗುತ್ತದೆ. ಅಪಾಯವೂ ಹೆಚ್ಚು.

ಇದು ನನಗೆ ಪುಸ್ತಕ ಕಲಿಸಿದ ಪಾಠವಲ್ಲ. 2004ರ ಡಿಸೆಂಬರ್. ಇದೇ ಘಾಟಿ. ನಾನು, ನನ್ನ ಹೆಂಡತಿ ಹೆಬ್ರಿಯ ಕಡೆ ಒಂದು ಮದುವೆಗೆ ಹೊರಟಿದ್ದೆವು. ಹತ್ತುವಾಗ ಅವಳು, “ಹಿಂದಿನ ಚಕ್ರ ಯಾಕೋ ಕೂತ ಹಾಗಿದೆಯಲ್ಲ” ಎಂದಳು. “ಇಬ್ಬರು ಕೂತರೆ ಹಾಗೇ” ಎಂದೆ. ಬಿ.ಎಸ್‌ಸಿ., ಬಿ.ಎಡ್. ಮಾಡಿದವನು, ಮಕ್ಕಳಿಗೆ ಒತ್ತಡದ ಪಾಠ ಹೇಳುವವನು, ಇಳಿದು ಬಗ್ಗಿ ನೋಡಲಿಲ್ಲ. ಘಾಟಿಯ ಅರ್ಧದಲ್ಲಿ ಒಂದು ತಿರುವು ತೆಗೆದುಕೊಳ್ಳುವಾಗ ಬೈಕಿನ ಹಿಂಭಾಗ ಮೀನಿನ ಬಾಲದಂತೆ ಅಲುಗಿತು. ವೇಗ ಕಡಿಮೆ ಇದ್ದದ್ದರಿಂದ ಜೀವ ಉಳಿಯಿತು. ಅವಳ ಬಲ ಮಣಿಕಟ್ಟಿನ ಎಲುಬು ಮುರಿಯಿತು. ಟೈರಿನಲ್ಲಿ ಒಂದಿಂಚು ಉದ್ದದ ಮೊಳೆ ಇತ್ತು. ಇಂದಿಗೂ ಚಳಿಗಾಲ ಬಂದರೆ ಅವಳು ಬಿಂದಿಗೆ ಎತ್ತುವುದು ಎಡಗೈಯಲ್ಲಿ. ಈವರೆಗೆ ಒಂದು ಮಾತೂ ಅಂದವಳಲ್ಲ; ಕೇಳುವುದು ಅದೊಂದೇ ಪ್ರಶ್ನೆ.

ಏಳೂಕಾಲಿಗೆ ಹೊರಟೆವು. ಆಗುಂಬೆ ತಲಪುವ ಹೊತ್ತಿಗೆ ಮಂಜು ಕರಗಿ, ಸೂರ್ಯಾಸ್ತದ ಕಟ್ಟೆಯಿಂದ ಕೆಳಗಿನ ಕಾಡು ಹಸಿರು ಕಂಬಳಿ ಹಾಸಿದಂತೆ ಕಾಣುತ್ತಿತ್ತು. ಅಲ್ಲಿ ನಿಂತು ಮಗಳಿಗೆ ಒಂದು ಲೆಕ್ಕ ಕೊಟ್ಟೆ. ವಿದ್ಯಾರ್ಥಿಗಳೇ, ನೀವೂ ಮಾಡಿ ನೋಡಿ. ಇಬ್ಬರು ಕುಳಿತಾಗ ಹಿಂದಿನ ಚಕ್ರದ ಮೇಲೆ ಬೀಳುವ ಭಾರ ಸುಮಾರು 150 ಕಿಲೊ. ಟೈರಿನಲ್ಲಿರುವ ಗಾಳಿ 32 ಪಿ.ಎಸ್.ಐ.; ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೊ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಸುಮಾರು 67 ಚದರ ಸೆಂಟಿಮೀಟರ್. ಹೆಚ್ಚುಕಡಿಮೆ ಬೆರಳು ಬಿಟ್ಟು ಒಂದು ಅಂಗೈಯಷ್ಟು ಜಾಗ! ಮುಂದಿನ ಚಕ್ರಕ್ಕೆ ಇನ್ನೂ ಕಡಿಮೆ. ಎರಡು ಅಂಗೈಯಗಲದ ರಬ್ಬರು ನೆಲವನ್ನು ಹಿಡಿದುಕೊಂಡಿದೆ ಎಂಬ ನಂಬಿಕೆಯ ಮೇಲೆ ನಾವು 14 ತಿರುವುಗಳನ್ನು ಇಳಿಯುತ್ತೇವೆ.

ಹಾಗಾದರೆ ಗಾಳಿ ಕಡಿಮೆಯಾದರೆ ಅಂಗೈ ಅಗಲವಾಗಿ ಹಿಡಿತ ಹೆಚ್ಚಬೇಕಲ್ಲ ಎಂದಳು ಮಗಳು. ಪ್ರಶ್ನೆ ಸರಿಯಾದದ್ದೇ. ಆದರೆ ಆಗ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತದೆ. ತಿರುವಿನಲ್ಲಿ ಅತ್ತಿತ್ತ ವಾಲಾಡುತ್ತದೆ. ನಾವು ಹ್ಯಾಂಡಲ್ ತಿರುಗಿಸಿದ ಕಡೆಗೆ ಬೈಕು ತಕ್ಷಣ ಬರುವುದಿಲ್ಲ.

ಘಾಟಿಯನ್ನು ನಿಧಾನವಾಗಿ ಇಳಿದೆವು. ಗುಡ್ಡದಿಂದ ಜಾರಿದ ಕಲ್ಲುಪುಡಿ, ಒದ್ದೆ ಎಲೆ, ಪ್ರವಾಸಿಗರು ಒಡೆದೆಸೆದ ಬಾಟಲಿಯ ಗಾಜು, ಯಾವುದೋ ವಾಹನದಿಂದ ಕಳಚಿದ ನಟ್ಟು ಇವೆಲ್ಲ ತಿರುವಿನ ಅಂಚಿಗೇ ಬಂದು ಸೇರುತ್ತವೆ. ಹಿಂದೆ ಎತ್ತಿನ ಲಾಳದ ಮೊಳೆಗೆ ಹೆದರುತ್ತಿದ್ದೆವು. ಈಗ ಹೆದರಿಕೆಯ ವಸ್ತುಗಳು ಬದಲಾಗಿವೆ, ಅಷ್ಟೆ. ಆ ಹಳೆಯ ತಿರುವು ಬಂದಾಗ ನಾನು ಏನೂ ಹೇಳಲಿಲ್ಲ.

ಸೋಮೇಶ್ವರದಲ್ಲಿ ಚಹಾ ಕುಡಿದು ಹೊರಬಂದಾಗ ಮಗಳು ಆಗಲೇ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು. ತೇಪೆಯ ಜಾಗ ನೋಡಿ, ಟೈರು ಮುಟ್ಟಿ, “ಬಿಸಿ ಇದೆ ಅಪ್ಪಯ್ಯ. ಈಗ ಗಾಳಿ ಅಳೆದರೆ ಹೆಚ್ಚು ತೋರಿಸುತ್ತೆ ಅಲ್ವಾ? ತೆಗೆಯಬಾರದು” ಎಂದಳು. ಉಷ್ಣತೆ ಏರಿದರೆ ಅನಿಲದ ಒತ್ತಡವೂ ಏರುತ್ತದೆಂಬ ಪಾಠ ಅವಳಿಗೆ ನೆನಪಿತ್ತು. ಗಾಳಿ ಪರೀಕ್ಷಿಸಬೇಕಾದದ್ದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಎಷ್ಟಿರಬೇಕೆಂಬುದು ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ.

ತಂದೆತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳಿಗೆ ಬೈಕಿನ ಕೀಲಿ ಕೊಡುವ ಮೊದಲು ಚಕ್ರ ತಿರುಗಿಸಿ ನೋಡುವುದನ್ನು ಕಲಿಸಿ. ಹಿಂದಿನದು ಕೈಯಿಂದ ಒಂದು ಪೂರ್ತಿ ಸುತ್ತು. ಮುಂದಿನದು ಬೈಕನ್ನು ತುಸು ತುಸು ತಳ್ಳುತ್ತಾ ಒಂದು ಸುತ್ತು. ಮೊಳೆ, ಗಾಜು, ಬಿರುಕು, ಪಕ್ಕದಲ್ಲಿ ಉಬ್ಬು, ಸವೆದ ಗೀರು, ವಾಲ್ವಿನ ಟೋಪಿ ಇಷ್ಟನ್ನೂ ನೋಡಲು ಐದು ನಿಮಿಷ ಸಾಕು. ಹಿಂದೆ ಕುಳಿತವರು ಏನಾದರೂ ಹೇಳಿದರೆ ಇಳಿದು ಬಗ್ಗಿ ನೋಡಿ.

ಸಂಜೆ ಬಸ್ಸಿನಲ್ಲಿ ಘಾಟಿ ಹತ್ತುವಾಗ ಮಳೆ ಶುರುವಾಯಿತು. ಮನೆ ತಲಪಿದಾಗ ಹೆಂಡತಿ ಕೇಳುವ ಮೊದಲೇ ಹೇಳಿದೆ: “ಸೋಮೇಶ್ವರದಲ್ಲಿ ಅವಳೇ ನೋಡಿದಳು. ನಾನು ಹೇಳಿರಲಿಲ್ಲ.”