ಮುಗಿಲಿಗೂ ಏರಿದ ಗಡಿ

ಒಂದು ಪಹಣಿಗಾಗಿ ಎರಡು ಭಾಷೆಯ ಕಚೇರಿಗಳನ್ನು ಅಲೆದು ಬಲ್ಲ ಗಡಿನಾಡಿನ ನಮಗೆ, ಯುರೋಪಿನ ವಿಮಾನಗಳ ಪಾಡು ಬೇಗನೆ ಅರ್ಥವಾಗುತ್ತದೆ.

ಅಮೆರಿಕದ ಮುಖ್ಯಭೂಮಿಯ ಮೇಲಣ ಆಕಾಶವೂ ಯುರೋಪಿನದೂ ವಿಸ್ತಾರದಲ್ಲಿ ಹೆಚ್ಚುಕಡಿಮೆ ಸಮ. ಅಮೆರಿಕದಲ್ಲಿ ಒಂದೇ ಸಂಸ್ಥೆಯು ಸುಮಾರು 20 ಮಾರ್ಗನಿಯಂತ್ರಣ ಕೇಂದ್ರಗಳಿಂದ ವಿಮಾನಗಳನ್ನು ನಡೆಸುತ್ತದೆ. ಯುರೋಪಿನಲ್ಲಿ ಮೂವತ್ತಕ್ಕೂ ಮಿಕ್ಕ ಸಂಸ್ಥೆಗಳು, 60ರಷ್ಟು ಕೇಂದ್ರಗಳು! ಹೀಗಿದ್ದೂ, ಕಡಿಮೆ ನಿಯಂತ್ರಕರಿಂದ ಹೆಚ್ಚು ವಿಮಾನಗಳನ್ನು ಸಾಗಿಸುವುದು ಅಮೆರಿಕವೇ.

ಹಾಗೆಂದು ಅಮೆರಿಕವನ್ನೇ ಕೊಂಡಾಡಲು ನಮಗೆ ಮನಸ್ಸೊಪ್ಪದು. ದಟ್ಟಣೆಯಾದಾಗ ಯುರೋಪು ವಿಮಾನವನ್ನು ನಿಂತಲ್ಲೇ ತಡೆದು, ಸರದಿ ಬಂದಾಗ ಬಿಡುತ್ತದೆ. ಅಮೆರಿಕದಲ್ಲಿ ಅವು ಇಂಧನ ಉರಿಸುತ್ತ ಓಡುದಾರಿಯ ಬಳಿ ಸಾಲುಗಟ್ಟುವುದು ಹೆಚ್ಚು. ಬೇಸಗೆಯ ಗುಡುಗುಮಳೆ ಬಂದರಂತೂ ಹೇಳುವುದೇ ಬೇಡ.

2004ರಲ್ಲಿ ಯುರೋಪು ‘ಒಂದೇ ಆಕಾಶ’ಕ್ಕೆಂದು ಕಾಯಿದೆಗಳನ್ನು ಮಾಡಿತು. ಎರಡು ದಶಕ ಸಂದರೂ ಹೋಳುಗಳು ಕೂಡಲಿಲ್ಲ. ಸೈನ್ಯದ ಅಧಿಕಾರ, ನೌಕರರ ಅನ್ನ, ರಾಷ್ಟ್ರಾಭಿಮಾನ—ಇವುಗಳಲ್ಲಿ ಯಾವುದನ್ನು ಬಿಡೆಂದು ಯಾರಿಗೆ ಹೇಳುವುದು? ಬಿಡಲಾರದವರ ಸಂಕಟವನ್ನೂ ನಾವು ಬಲ್ಲೆವು.

ಆದರೂ 1972ರಲ್ಲಿ ಕೆಲಸ ತೊಡಗಿದ ಮಾಸ್ಟ್ರಿಕ್ಟ್ ಕೇಂದ್ರವೊಂದಿದೆ. ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್‌ಗಳ ಮತ್ತು ವಾಯವ್ಯ ಜರ್ಮನಿಯ ಮೇಲ್ಪದರದ ಆಕಾಶವನ್ನು ಇಂದು ಅದೊಂದೇ ನೋಡಿಕೊಳ್ಳುತ್ತಿದೆ. ಆ ಎತ್ತರದಲ್ಲಿ ಹಾರುವ ವಿಮಾನವು ಒಂದು ದೇಶವನ್ನು ಬಿಟ್ಟು ಇನ್ನೊಂದನ್ನು ಹೊಕ್ಕರೂ ಅದೇ ಕೇಂದ್ರದ ಕೈಯಲ್ಲಿರುತ್ತದೆ.