ಹುಬ್ಬಳ್ಳಿ–ಧಾರವಾಡ ಹಾದಿಯಲ್ಲಿ ಕ್ಲಚ್ಚಿನ ನಾಡಿಪರೀಕ್ಷೆ

ಹುಬ್ಬಳ್ಳಿ ವ್ಯಾಪಾರಕ್ಕೆ, ಧಾರವಾಡ ವಿದ್ಯೆಗೆ ಎಂದು ಪಾಲು ಹಂಚಿದವರು ಯಾರೋ, ಆದರೆ ಆ ಪಾಲು ಎಂದೂ ಸರಿಯಾಗಿ ಹಂಚಿಕೆಯಾಗಲಿಲ್ಲ. 1947ರಲ್ಲಿ ಆರಂಭವಾಗಿ ಮುಂದೆ ವಿಶ್ವವಿದ್ಯಾಲಯವಾದ ಬಿ.ವಿ.ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಹುಬ್ಬಳ್ಳಿಯ ವಿದ್ಯಾನಗರದಲ್ಲಿದೆ. ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದ ಗುಡ್ಡದ ಮೇಲಿದೆ. 1962ರಲ್ಲಿ ಎರಡೂ ಊರುಗಳಿಗೆ ಒಂದೇ ಮಹಾನಗರ ಪಾಲಿಕೆಯಾಯಿತು. ಅಂದಿನಿಂದ ಇಂದಿನವರೆಗೆ ನಡುವಿನ ಸುಮಾರು 20 ಕಿ.ಮೀ. ಹಾದಿಯಲ್ಲಿ ಅತ್ತಣಿಂದಿತ್ತ, ಇತ್ತಣಿಂದತ್ತ ವಿದ್ಯಾರ್ಥಿಗಳ ಓಡಾಟ ನಿಂತಿಲ್ಲ.

ಬಸ್ಸು, ರೈಲುಗಳ ಜೊತೆಗೆ ಈಗ ಕಾರುಗಳೂ ಸೇರಿವೆ. 18 ತುಂಬಿದ ಮಗನೋ ಮಗಳೋ ಲೈಸೆನ್ಸ್ ಪಡೆದರೆ, ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಾನೆ. ಕೆಲವು ತಿಂಗಳಲ್ಲಿ ಮೊದಲ ದೂರು ಬರುವುದು ಸಾಮಾನ್ಯವಾಗಿ ಎಡಗಾಲಿನ ಕೆಳಗಿನಿಂದ. ಗ್ಯಾರೇಜಿಗೆ ಹೋದರೆ ಬರುವ ಉತ್ತರವೂ ಪರಿಚಿತವೇ: ‘ಪ್ಲೇಟ್ ಹೋಗೇತ್ರಿ, ಗೇರ್‌ಬಾಕ್ಸ್ ಇಳಸಬೇಕು.’

ಆ ಮಾತು ನಿಜವೂ ಆಗಿರಬಹುದು. ಆದರೆ ಗೇರ್‌ಬಾಕ್ಸ್ ಇಳಿಸುವುದೆಂದರೆ ಸಾವಿರಾರು ರೂಪಾಯಿಯ ಬಾಬತ್ತು. ಕೇಬಲ್ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ ಆ ಖರ್ಚು ಬೇಕೆ? ಉತ್ತರ ಕಂಡುಕೊಳ್ಳಲು ದೊಡ್ಡ ಉಪಕರಣವೇನೂ ಬೇಡ. ಸಂದಣಿ, ಸಪಾಟು, ಏರು ಮೂರೂ ಇರುವ ಈ ಹಳೆಯ ಹಾದಿಯೇ ಕ್ಲಚ್ಚಿನ ಪರೀಕ್ಷೆ ಮಾಡಿಬಿಡುತ್ತದೆ.

ಎರಡು ಅಂಗೈ, ಒಂದು ರೊಟ್ಟಿ

ಇಂಜಿನ್ ತಿರುಗಿಸುವ ಫ್ಲೈವ್ಹೀಲ್ ಒಂದು ಅಂಗೈ, ಪ್ರೆಷರ್ ಪ್ಲೇಟ್ ಇನ್ನೊಂದು ಅಂಗೈ ಎಂದುಕೊಳ್ಳೋಣ. ನಡುವೆ ಸಿಕ್ಕಿಕೊಂಡಿರುವ ರೊಟ್ಟಿಯೇ ಕ್ಲಚ್ ಪ್ಲೇಟ್. ಅಂಗೈಗಳು ಬಿಗಿಯಾಗಿ ಒತ್ತಿದ್ದರೆ ರೊಟ್ಟಿಯೂ ಅವುಗಳೊಡನೆ ತಿರುಗುತ್ತದೆ. ಇಂಜಿನ್ನಿನ ಬಲ ಗೇರ್‌ಬಾಕ್ಸಿಗೆ ದಾಟುತ್ತದೆ. ಪೆಡಲ್ ತುಳಿದಾಗ ಅಂಗೈ ಸಡಿಲವಾಗಿ ರೊಟ್ಟಿ ಬಿಡುಗಡೆಯಾಗುತ್ತದೆ. ಆಗ ಗೇರು ಬದಲಿಸಬಹುದು.

ಹಾಗಾದರೆ ಕ್ಲಚ್ಚಿಗೆ ಬರುವ ಮುಖ್ಯ ರೋಗಗಳು ಎರಡೇ: ಬಿಡಬೇಕಾದಾಗ ಬಿಡದಿರುವುದು, ಹಿಡಿಯಬೇಕಾದಾಗ ಹಿಡಿಯದಿರುವುದು. ಹುಬ್ಬಳ್ಳಿಯ ಮಾತಿನಲ್ಲಿ ಮೊದಲನೆಯದು ‘ಗೇರ್ ಬೀಳವಲ್ದು’, ಎರಡನೆಯದು ‘ಗಾಡಿ ಎಳೀವಲ್ದು’. ಇವೆರಡನ್ನು ಬೇರೆ ಮಾಡಿ ಹೇಳಲು ಬಂದರೆ ಅರ್ಧ ರಿಪೇರಿ ಆದಂತೆಯೇ.

ಚನ್ನಮ್ಮ ವೃತ್ತದ ಸಂದಣಿ

‘ಗೇರ್ ಬೀಳವಲ್ದು’ ಎಂಬ ರೋಗ ಬಯಲಾಗುವುದು ಕಿತ್ತೂರು ಚನ್ನಮ್ಮ ವೃತ್ತದಿಂದ ಹೊಸೂರಿನವರೆಗಿನ ಸಂದಣಿಯಲ್ಲಿ. ನಿಲ್ಲು, ಹೊರಡು, ಮತ್ತೆ ನಿಲ್ಲು. ನಿಂತ ಗಾಡಿಗೆ ಮೊದಲನೇ ಗೇರು ಹಾಕಲು ಹೋದರೆ ಗಟ್ಟಿ. ರಿವರ್ಸ್ ಹಾಕಿದರೆ ಕರ್ ಎಂಬ ಸದ್ದು. ಇದು ಕ್ಲಚ್ಚಿನ ದೋಷವೋ, ಗೇರ್‌ಬಾಕ್ಸಿನದೋ?

ಪರೀಕ್ಷೆ ಸುಲಭ. ಗಾಡಿಯನ್ನು ಸಪಾಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಬೇಕು. ಆಮೇಲೆ ಕ್ಲಚ್ ತುಳಿದು ಗೇರುಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. ಇಂಜಿನ್ ಬಂದಾದಾಗ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಮಾತ್ರ ಗಟ್ಟಿಯಾದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಎರಡೂ ಹೊತ್ತು ಗಟ್ಟಿಯೇ ಇದ್ದರೆ ಗೇರ್ ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೊಂಡಿಗಳನ್ನೋ ಗೇರ್‌ಬಾಕ್ಸನ್ನೋ ನೋಡಿಸಬೇಕು.

ಕ್ಲಚ್ ಬಿಡುತ್ತಿಲ್ಲವಾದರೂ ಪ್ಲೇಟನ್ನೇ ಮೊದಲು ದೂಷಿಸಬೇಕಿಲ್ಲ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಕಾರುಗಳಲ್ಲಿ ಪೆಡಲಿನಿಂದ ಕ್ಲಚ್ಚಿಗೆ ಹೋಗುವುದು ಒಂದು ಕೇಬಲ್. ಅದು ಸಡಿಲವಾದರೆ ಬಿಗಿ ಮಾಡಬಹುದು. ಎಳೆ ಹರಿಯತೊಡಗಿದ್ದರೆ ಕೇಬಲ್ ಬದಲಿಸಿದರಾಯಿತು. ಹೈಡ್ರಾಲಿಕ್ ಕ್ಲಚ್ ಇರುವ ಕಾರಾದರೆ ಪೆಡಲನ್ನು ನಾಲ್ಕೈದು ಸಲ ತುಳಿಯಬೇಕು. ಹಾಗೆ ತುಳಿದ ಮೇಲೆ ಗೇರು ಸರಿಯಾಗಿ ಬಿದ್ದರೆ ಒಳಗೆ ಗಾಳಿ ಸೇರಿದೆ ಅಥವಾ ಆಯಿಲ್ ಸೋರುತ್ತಿದೆ. ಇವುಗಳನ್ನು ಹೊರಗಿನಿಂದಲೇ ಪರೀಕ್ಷಿಸಬಹುದು.

ಓಡುವಾಗ ಒಂದೇ ಗೇರು, ಉದಾಹರಣೆಗೆ ಎರಡನೆಯದು ಮಾತ್ರ, ಕರಕರ ಎಂದರೆ ಅದು ಆ ಗೇರಿನ ಸಿಂಕ್ರೊಮೆಶ್ ಸವೆದ ಗುರುತು. ಹಲವು ಕಾರುಗಳಲ್ಲಿ ರಿವರ್ಸ್ ಗೇರಿಗೆ ಆ ಅನುಕೂಲವೇ ಇರುವುದಿಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ತುಳಿದು ಎರಡು ಮೂರು ಸೆಕೆಂಡ್ ತಡೆದು ರಿವರ್ಸ್ ಹಾಕಿದರೆ ಸದ್ದು ಬರದು. ಇಲ್ಲಿ ಬೇಕಾದುದು ರಿಪೇರಿಯಲ್ಲ, ತಾಳ್ಮೆ.

ಉಣಕಲ್ ಕೆರೆಯ ಬದಿಯಲ್ಲಿ

ವಿದ್ಯಾನಗರ ದಾಟಿದರೆ ಉಣಕಲ್ ಕೆರೆ. ಸಂದಣಿಯಿಂದ ಸರಿದು ಗಾಡಿಯನ್ನು ಪಕ್ಕದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ ಕಿವಿಗೊಟ್ಟು ಕೇಳಬೇಕು. ಕ್ಲಚ್ ತುಳಿದ ಕೂಡಲೇ ಕಿರ್ ಎಂಬ ಸದ್ದು ಹುಟ್ಟಿ, ಬಿಟ್ಟರೆ ನಿಲ್ಲುವುದಾದರೆ ರಿಲೀಸ್ ಬೇರಿಂಗ್ ಮೇಲೆ ಸಂಶಯ. ಅದಕ್ಕೆ ತದ್ವಿರುದ್ಧವಾಗಿ, ಬಿಟ್ಟಾಗ ಗುಂಯ್‌ಗುಟ್ಟಿ ತುಳಿದಾಗ ಶಾಂತವಾದರೆ ಸಂಶಯ ಗೇರ್‌ಬಾಕ್ಸಿನೊಳಗಿನ ಬೇರಿಂಗಿನ ಮೇಲೆ. ಸದ್ದು ಯಾವಾಗ ಬಂತೆಂದು ಹೇಳಬಲ್ಲ ಗಿರಾಕಿಗೆ ಗ್ಯಾರೇಜಿನಲ್ಲೂ ಮರ್ಯಾದೆ ಹೆಚ್ಚು.

ನವಲೂರಿನ ಏರು

ಭೈರಿದೇವರಕೊಪ್ಪ, ನವನಗರ, ರಾಯಾಪುರ ಕಳೆದರೆ ಪೇರಲಕ್ಕೆ ಹೆಸರಾದ ನವಲೂರು. ಹುಬ್ಬಳ್ಳಿಯ ಕಪ್ಪು ಬಯಲು ಹಿಂದೆ ಉಳಿದು, ಮಲೆನಾಡಿನ ಸೆರಗಿನಂತಿರುವ ಧಾರವಾಡಕ್ಕೆ ರಸ್ತೆ ಏರತೊಡಗುತ್ತದೆ. 2018ರಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದ ಮೇಲೆ ರಸ್ತೆಯ ನಡುಭಾಗ ಅವುಗಳದಾಯಿತು. ಉಳಿದ ವಾಹನಗಳು ತಮ್ಮ ಬದಿಯಲ್ಲೇ ಏರಬೇಕು.

‘ಗಾಡಿ ಎಳೀವಲ್ದು’ ಎಂಬ ರೋಗ ಇಲ್ಲಿ ಅಡಗಿ ಕೂರಲಾರದು. ನಾಲ್ಕನೇ ಗೇರಿನಲ್ಲಿ ಹದವಾದ ವೇಗದಿಂದ ಏರುವಾಗ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನಿನ ಸದ್ದೂ ವೇಗವೂ ಒಟ್ಟಿಗೇ ಹೆಚ್ಚಬೇಕು. ಸದ್ದು ಮೇಲಕ್ಕೆ ಹೋಗಿ ಸ್ಪೀಡಾಮೀಟರಿನ ಮುಳ್ಳು ನಿಂತಲ್ಲೇ ನಿಂತರೆ ಕ್ಲಚ್ ಜಾರುತ್ತಿದೆ. ಜೊತೆಗೆ ಸುಟ್ಟ ವಾಸನೆ ಬಂದರೆ ಅನುಮಾನವೇ ಬೇಡ. ಸಪಾಟು ರಸ್ತೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ದೋಷ, ನಾಲ್ವರು ಗೆಳೆಯರು ಕೂತು ಏರು ಹತ್ತಿದ ದಿನ ಹೊರಬೀಳುತ್ತದೆ.

ಇಲ್ಲಿಯೂ ಮೊದಲು ಕೇಬಲ್ ನೋಡಬೇಕು. ಅದು ಅತಿಯಾಗಿ ಬಿಗಿಯಾಗಿದ್ದರೆ ಪೆಡಲ್ ಬಿಟ್ಟರೂ ಅಂಗೈ ಪೂರ್ತಿ ಒತ್ತದು. ಕೇಬಲ್ ಸರಿಯಿದ್ದರೆ ಆಗ ಪ್ಲೇಟು ಸವೆದಿದೆ, ಇಲ್ಲವೇ ಸೀಲು ಸೋರಿ ಪ್ಲೇಟಿನ ಮೇಲೆ ಆಯಿಲ್ ಬಿದ್ದಿದೆ. ಆಗ ಮಾತ್ರ ಗೇರ್‌ಬಾಕ್ಸ್ ಇಳಿಸುವ ಮಾತು ನ್ಯಾಯವಾದದ್ದು.

ಪ್ಲೇಟಿನ ಆಯುಸ್ಸು ಬಹುಪಾಲು ಚಾಲಕನ ಪಾದದಲ್ಲೇ ಇದೆ. ಓಡುವಾಗಲೂ ಎಡಗಾಲನ್ನು ಪೆಡಲಿನ ಮೇಲೆ ಊರಿಕೊಂಡೇ ಇರುವುದು, ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಳಸದೆ ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವುದು, ಇವೆರಡೂ ಹೊಸಬರ ಚಾಳಿಗಳು. ಕಲಿಸುವ ಹಿರಿಯರಲ್ಲೂ ಇವು ಇಲ್ಲದಿಲ್ಲ.

ಮುಂದಿನ ರಸ್ತೆ

ಹಣದ ಮಾತು ಒಂದು ಕಡೆ, ಜೀವದ ಮಾತು ಇನ್ನೊಂದು ಕಡೆ. ಜಾರುವ ಕ್ಲಚ್ಚಿನ ಕಾರು ಊರೊಳಗೆ ಬರೀ ತೊಂದರೆ, ಹೆದ್ದಾರಿಯಲ್ಲಿ ಅಪಾಯ. ಎರಡೇ ಪಥದ ರಸ್ತೆಯಲ್ಲಿ ಲಾರಿಯನ್ನು ಹಿಂದಿಕ್ಕಲು ಹೊರಟು, ನಡುವೆ ವೇಗ ಸಿಗದೆ ಹೋದರೆ ಎದುರಿನ ವಾಹನ ಕಾಯುವುದಿಲ್ಲ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಗೆ ಹೋಗುವವರಿಗೆ ಅರಬೈಲು ಘಟ್ಟವಿದೆ. ಇಳಿಯುವಾಗ ತಗ್ಗಿನ ಗೇರಿನ ಆಸರೆ ಬೇಕು, ಮರಳಿ ಹತ್ತುವಾಗ ಕ್ಲಚ್ಚಿನ ಬಿಗಿ ಬೇಕು. ರಜೆಯಲ್ಲಿ ಗೋಕರ್ಣ, ಕಾರವಾರ ಎಂದು ಹೊರಡುವ ಮಕ್ಕಳ ಕಾರು ಅದಕ್ಕೆ ಮುಂಚೆ ನವಲೂರಿನ ಏರನ್ನು ಸರಿಯಾಗಿ ಹತ್ತಿದೆಯೇ ಎಂದು ತಂದೆತಾಯಿ ಕೇಳುವುದರಲ್ಲಿ ತಪ್ಪಿಲ್ಲ.

ಗ್ಯಾರೇಜಿಗೆ ಹೋದಾಗ ‘ಗೇರ್ ತ್ರಾಸ್ ಕೊಡಾಕತ್ತೇತಿ’ ಎಂದಷ್ಟೇ ಹೇಳಿ ಕೀಲಿ ಕೊಟ್ಟು ಬರಬಾರದು. ಯಾವ ಗೇರು, ಇಂಜಿನ್ ಚಾಲೂ ಇದ್ದಾಗಲೋ ಬಂದಾದಾಗಲೋ, ತುಳಿದಾಗಲೋ ಬಿಟ್ಟಾಗಲೋ ಎಂದು ಬಿಡಿಸಿ ಹೇಳಬೇಕು. ಗೇರ್‌ಬಾಕ್ಸ್ ಇಳಿಸಲೇಬೇಕಾದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಮ್ಮೆಗೇ ಬದಲಿಸುವುದು ಲೇಸು. ಆರು ತಿಂಗಳಿಗೆ ಮತ್ತೆ ಅದೇ ಮಜೂರಿ ತೆರುವುದು ತಪ್ಪುತ್ತದೆ. ತೆಗೆದ ಹಳೆಯ ಪ್ಲೇಟನ್ನು ತೋರಿಸಲು ಕೇಳಬೇಕು. ಅದು ಸವೆದಿದೆಯೋ, ಆಯಿಲಿನಲ್ಲಿ ನೆನೆದಿದೆಯೋ, ಸುಟ್ಟು ಕಪ್ಪಾಗಿದೆಯೋ ಎಂಬುದರಲ್ಲಿ ಕಾರಿನ ಕಥೆಯೊಂದಿಗೆ ಓಡಿಸಿದವರ ಕಥೆಯೂ ಬರೆದಿರುತ್ತದೆ.