ಪ್ರೇಕ್ಷಕರು ಹೆಣೆಯುವ ಪ್ರಹಸನ

ಷಿಕಾಗೋ ಎಂದೊಡನೆ ನಮ್ಮವರಿಗೆ 1893ರ ಸರ್ವಧರ್ಮ ಸಮ್ಮೇಳನವೂ ವಿವೇಕಾನಂದರ ವಾಣಿಯೂ ನೆನಪಾಗುವುದು ಸಹಜ. ಅದೇ ನಗರದ ವೆಲ್ಸ್ ಬೀದಿಯಲ್ಲಿ ಬೇರೊಂದು ಬಗೆಯ ವಾಗ್ವಿಲಾಸಕ್ಕೆ ಹೆಸರಾದ ರಂಗಮಂದಿರವುಂಟು. ‘ಸೆಕೆಂಡ್ ಸಿಟಿ’, ಎಂದರೆ ಎರಡನೆಯ ನಗರ, ಎಂಬುದು ಅದರ ಹೆಸರು. ನ್ಯೂಯಾರ್ಕಿನ ಲೇಖಕನೊಬ್ಬ ಷಿಕಾಗೋವನ್ನು ಹಾಗೆಂದು ಮೂದಲಿಸಿದ್ದನು. 1959ರ ಡಿಸೆಂಬರಿನಲ್ಲಿ ಬಾಗಿಲು ತೆರೆದ ತಂಡದವರು ಆ ಮೂದಲಿಕೆಯನ್ನೇ ಬಿರುದಾಗಿ ಧರಿಸಿದರು.

ಸಿದ್ಧಪಡಿಸಿದ ಪ್ರಹಸನಗಳು ಮುಗಿದ ಮೇಲೆ ಅಲ್ಲಿ ಆಟ ಆರಂಭವಾಗುವುದು ವಾಡಿಕೆ. ನಟನೊಬ್ಬ ಮುಂದೆ ಬಂದು, ಒಂದು ಸ್ಥಳವನ್ನೋ ಕಸುಬನ್ನೋ ಹೇಳಿರೆಂದು ಸಭಿಕರನ್ನು ಕೇಳುತ್ತಾನೆ. ಒಬ್ಬರು ‘ದಂತವೈದ್ಯ’ ಎಂದು, ಇನ್ನೊಬ್ಬರು ‘ರೈಲು ನಿಲ್ದಾಣ’ ಎಂದು ಕೂಗಿದರೆ ಸಾಕು, ಪ್ಲಾಟ್‌ಫಾರಂ ಮೇಲೆ ಹಲ್ಲು ಕೀಳುವ ವೈದ್ಯನೊಬ್ಬ ಹುಟ್ಟಿಕೊಳ್ಳುತ್ತಾನೆ. ಇಂತಹ ರಂಗಗಳಲ್ಲಿ ಬಳಕೆಯಲ್ಲಿರುವ ಮತ್ತೊಂದು ಆಟದಲ್ಲಿ ಒಬ್ಬ ನಟ ಅರ್ಥವಿಲ್ಲದ ಧ್ವನಿಗಳಲ್ಲಿ ಘನಗಂಭೀರವಾಗಿ ಉಪನ್ಯಾಸ ಮಾಡುತ್ತಾನೆ. ಪಕ್ಕದವನು ಅದನ್ನು ‘ಭಾಷಾಂತರ’ ಮಾಡುತ್ತಾನೆ. ಎದುರಿನವನು ಕೊಟ್ಟುದನ್ನು ಅಲ್ಲಗಳೆಯದೆ ಸ್ವೀಕರಿಸಿ, ತನ್ನದಿಷ್ಟನ್ನು ಕೂಡಿಸಬೇಕೆಂಬುದೇ ಈ ಆಟಗಳ ಮುಖ್ಯ ನಿಯಮ.

ಈ ನಗೆಯ ಬೇರು ಮಾತ್ರ ಅದೇ ನಗರದ ಬಡವರ ಕೇರಿಯಲ್ಲಿದೆ. ಹಾಲ್‌ಸ್ಟೆಡ್ ಬೀದಿಯಲ್ಲಿ 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಮಹಿಳೆಯರು ‘ಹಲ್ ಹೌಸ್’ ಎಂಬ ಸೇವಾನಿಲಯವನ್ನು ತೆರೆದರು. ಇಟಲಿ, ಗ್ರೀಸ್, ರಷ್ಯಗಳಿಂದ ಹೊಟ್ಟೆಪಾಡಿಗೆ ವಲಸೆ ಬಂದವರಿಗೆ ಅದು ಆಸರೆಯಾಯಿತು. ಅಲ್ಲಿ ನೀವಾ ಬಾಯ್ಡ್ ಎಂಬಾಕೆ ಆಟಗಳ ಮೂಲಕ ಶಿಕ್ಷಣ ಕೊಡುತ್ತಿದ್ದರು. ಅವರ ಶಿಷ್ಯೆ ವಯೋಲ ಸ್ಪೋಲಿನ್ 1930ರ ದಶಕದ ಕೊನೆಯಲ್ಲಿ, ಸರ್ಕಾರದ ಯೋಜನೆಯೊಂದರ ಅಡಿಯಲ್ಲಿ, ಇಂತಹ ವಲಸೆಗಾರರಿಗೂ ಅವರ ಮಕ್ಕಳಿಗೂ ನಾಟಕ ಕಲಿಸಬೇಕಾಯಿತು. ಭಾಷೆ ಬೇರೆ, ನಡೆ ಬೇರೆ, ನಾಲ್ವರ ಮುಂದೆ ನಿಲ್ಲಲು ಸಂಕೋಚ. ಉಪದೇಶಕ್ಕೆ ಬಗ್ಗದ ಆ ಸಂಕೋಚ ಆಟಕ್ಕೆ ಕರಗಿತು. ಕಾಣದ ಚೆಂಡನ್ನು ಎಸೆದು ಹಿಡಿಯುವವನಿಗೆ ತನ್ನ ಉಚ್ಚಾರಣೆಯ ಚಿಂತೆಯೆಲ್ಲಿ?

ಆಕೆಯ ಮಗ ಪಾಲ್ ಸಿಲ್ಸ್ ಈ ಆಟಗಳನ್ನು ವೃತ್ತಿರಂಗಕ್ಕೆ ತಂದನು. 1955ರಲ್ಲಿ ಡೇವಿಡ್ ಶೆಫರ್ಡನೊಡಗೂಡಿ, ಷಿಕಾಗೋ ವಿಶ್ವವಿದ್ಯಾನಿಲಯದ ಬಳಿಯ ಪಾನಗೃಹವೊಂದರಲ್ಲಿ ‘ಕಂಪಾಸ್’ ತಂಡವನ್ನು ಕಟ್ಟಿ, ಸಭಿಕರು ಕೊಟ್ಟ ಸೂಚನೆಗಳ ಮೇಲೆ ಆಡಿಸಿದನು. ಸೆಕೆಂಡ್ ಸಿಟಿಯ ಸ್ಥಾಪಕರಲ್ಲಿಯೂ ಅವನೊಬ್ಬ.

ತಾಯಿಯ ಗ್ರಂಥ 1963ರಲ್ಲಿ ಪ್ರಕಟವಾಯಿತು. ಮೆಚ್ಚುಗೆಯ ಹಂಬಲವೂ ನಿಂದೆಯ ಅಂಜಿಕೆಯೂ ಮನುಷ್ಯನನ್ನು ಸಮನಾಗಿ ಕಟ್ಟಿಹಾಕುತ್ತವೆಂಬುದು ಅದರ ಒಂದು ಮುಖ್ಯ ವಿಚಾರ. ಪ್ರೇಕ್ಷಕರು ತೀರ್ಪು ಹೇಳುವವರಲ್ಲ, ಆಟದ ಜೊತೆಗಾರರು ಎಂಬ ಭಾವನೆ ಬಂದರೆ ಆ ಕಟ್ಟು ಸಡಿಲುತ್ತದೆ.

ವಿಶ್ವವಿದ್ಯಾನಿಲಯದ ಆವರಣಕ್ಕಾಗಿ 1960ರ ದಶಕದಲ್ಲಿ ಹಲ್ ಹೌಸಿನ ಬಹುಪಾಲು ಕಟ್ಟಡಗಳನ್ನು ಕೆಡವಲಾಯಿತು. ಮೂಲ ಮನೆ ಈಗ ವಸ್ತುಸಂಗ್ರಹಾಲಯ. ವೆಲ್ಸ್ ಬೀದಿಯ ದೀಪದ ಕೆಳಗೆ ಆಟ ಇಂದಿಗೂ ನಡೆದಿದೆ. ಹಿಂದಿನ ಸಾಲಿನ ಸಂಕೋಚದ ಮನುಷ್ಯನೊಬ್ಬ ಮೆಲ್ಲನೆ ಒಂದು ಮಾತು ಒಗೆಯುತ್ತಾನೆ. ಮುಂದಿನ ಕ್ಷಣ ಆ ಮಾತು ಜೀವ ತಳೆದು ರಂಗದ ಮೇಲೆ ನಡೆದಾಡುತ್ತದೆ. ಸಭೆಯೆಲ್ಲ ನಗುವಾಗ, ಎಲ್ಲರಿಗಿಂತ ಹೆಚ್ಚಾಗಿ ನಗುವವನು ಅವನೇ.